ಹೊಸ್ತಿಲ ಚಿತ್ತಾರಕ್ಕೆ ಲೈಸೆನ್ಸು

ಮೊನ್ನೆ ಶಿಕಾರಿಪುರದ ಸಂತೆ ದಿನ ಬಕೆಟ್ಟು, ಪೊರಕೆ, ಪ್ಲಾಸ್ಟಿಕ್ ಕುರ್ಚಿ ಮಾರುವ ಅಂಗಡಿಯ ಬಾಗಿಲಲ್ಲಿ ನಿಂತುಬಿಟ್ಟೆ. ಮಳೆ ಹೊಯ್ದು ಆಗಷ್ಟೇ ಬಿಟ್ಟಿತ್ತು. ಗಿರಾಕಿಗಳು ಕೆಸರುಗಾಲಲ್ಲಿ ಒಳಗೆ ಬಾರದಿರಲಿ ಅಂತ ಅಂಗಡಿಯವನು ಮಾರುವ ಮಾಲಿನಲ್ಲೇ ಒಂದು ಕಾಲೊರೆಸುವ ಮ್ಯಾಟು ತೆಗೆದು ಹಾಸಿದ್ದ. ಕೆಮ್ಮಣ್ಣಿನ ಬಣ್ಣ, ಮೇಲೆ ಬಿಳಿ ಎಳೆ. ನಾಲ್ಕು ಮೂಲೆಗೂ ಭತ್ತದ ತೆನೆ, ನಡುವೆ ಒಂದರೊಳಗೊಂದು ಹೆಣೆದ ಚೌಕಗಳು. ಎಡಗಡೆಯ ತೆನೆ ಮಾತ್ರ ಸ್ವಲ್ಪ ಸೊಟ್ಟ. ಅದು ಯಾಕೆ ಸೊಟ್ಟ ಅಂತ ನನಗೆ ಗೊತ್ತು. ಬರೆಯುವಾಗ ಒಂದು ಕೋಳಿ ಅಡ್ಡ ಬಂದಿತ್ತು.

"ಯಾಕ್ರೀ ಮೇಡಂ, ಮ್ಯಾಟ್ ದಾಟಾಕೆ ಹೆದರ್ತೀರೇನ್ರೀ? ತುಳೀರಿ. ಅದಕ್ಕಂತ್ಲೇ ಇರದು," ಅಂದ ಅಂಗಡಿಯವನು.

ಅದಕ್ಕಂತಲೇ ಇರೋದು. ಇದೇ ಮಾತನ್ನು ಇದೇ ಚಿತ್ರದ ಬಗ್ಗೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ, ಸೊರಬದ ಕಡೆ, ಒಂದು ಹುಣ್ಣಿಮೆಯ ಹಿಂದಿನ ದಿನ. ಮ್ಯಾಟಿನ ಹಸಿ ವಾಸನೆಯಲ್ಲಿ ನನಗೆ ಸಗಣಿ ಸಾರಿಸಿದ ಅಂಗಳದ ವಾಸನೆ ಬಂದ ಹಾಗಾಯಿತು.

ನಾನು ತೊಗರ್ಸಿ ಕಡೆಯವಳು. ಅಪ್ಪ ಶಿರಾಳಕೊಪ್ಪದಲ್ಲಿ ಅಕ್ಕಿ ಮಿಲ್ಲಿನ ಹಮಾಲಿ, ಅವ್ವ ಊರವರ ಗದ್ದೆಗೆ ನಾಟಿ, ಕಳೆ ಅಂತ ಹೋಗುವವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದನ್ನು ಹೇಳಿಕೊಂಡು ತಿರುಗಬಾರದು ಅಂತ ಕೆಲವರು ಅನ್ನುತ್ತಾರೆ. ನಾನು ಹೇಳಿಕೊಳ್ಳುತ್ತೇನೆ. ಬಸ್ಸಿನಲ್ಲಿ ನಿಂತೇ ಓದಿದ ಬಿಸಿಎ ಅದು. ಒಂದು ಪೇಪರು ಹೋಗಿ, ಮತ್ತೆ ಕಟ್ಟಿ, ಪಾಸು ಮಾಡಿಕೊಂಡಿದ್ದು.

ಡಿಗ್ರಿ ಆದಮೇಲೆ ಸಿಕ್ಕ ಮೊದಲ ಕೆಲಸ ಸೊರಬದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ, ಮಕ್ಕಳಿಗೆ ಟೈಪಿಂಗು ಮತ್ತಿತರ ಪಾಠ. ಕಂಪ್ಯೂಟರುಗಳೆಲ್ಲ ಮುದಿಯಾಗಿದ್ದವು. ಅವುಗಳ ಒಳಗಿದ್ದ ಸಾಫ್ಟ್‌ವೇರೆಲ್ಲ ಕದ್ದ ಪ್ರತಿ. ತಪಾಸಣೆಗೆ ಬಂದರೆ ಕಷ್ಟ ಅಂತ ಯಾರೋ ಹೆದರಿಸಿದ್ದರಿಂದ ಯಜಮಾನರು ಬೆವರುತ್ತಿದ್ದರು. "ನಾನೊಂದು ದಾರಿ ಮಾಡ್ತೀನಿ ಸಾರ್" ಅಂದು ಎಲ್ಲವನ್ನೂ ಒರೆಸಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಹಾಕಿದೆ. ಹಾಕುವಾಗ ಅದರ ಲೈಸೆನ್ಸನ್ನು ಓದಿದೆ. ಅದನ್ನು ಯಾರೂ ಓದುವುದಿಲ್ಲ, ಒಪ್ಪಿಗೆ ಅಂತ ಒತ್ತಿ ಮುಂದೆ ಹೋಗುತ್ತಾರೆ. ನಾನು ಹಾಗಲ್ಲ. ನಮ್ಮ ಮನೆಯಲ್ಲಿ ಓದಲು ಬಾರದೆ ಹೆಬ್ಬೆಟ್ಟು ಒತ್ತಿದವರು ಬೇಕಾದಷ್ಟಿದ್ದಾರೆ. ಓದಲು ಬಂದವಳು ಓದದೆ ಒತ್ತಿದರೆ ಓದಿ ಏನಾಯಿತು?

ಓದಿದಾಗ ಗೊತ್ತಾಯಿತು, ಬಿಟ್ಟಿ ಸಿಕ್ಕಿದ್ದೆಲ್ಲ ಬೇವಾರ್ಸಿ ಮಾಲಲ್ಲ. ಬಳಸು, ತಿದ್ದು, ಹಂಚು, ಮಾರು ಬೇಕಾದರೆ. ಮಾಡಿದವರ ಹೆಸರು ಮಾತ್ರ ಅಳಿಸಬೇಡ, ನಿನಗೆ ಸಿಕ್ಕ ಸ್ವಾತಂತ್ರ್ಯವನ್ನು ಮುಂದಿನವರಿಗೆ ಸಿಗದ ಹಾಗೆ ಕಟ್ಟಿಹಾಕಬೇಡ. ಪ್ರತಿ ಪ್ರೋಗ್ರಾಮಿನ ಕೆಳಗೂ ಮಾಡಿದವರ ಹೆಸರುಗಳು. ಎಲ್ಲೆಲ್ಲಿಯವರೋ, ನನ್ನ ಹಾಗೆ ಬಾಡಿಗೆ ಕೋಣೆಯಲ್ಲಿ ಕೂತು ಬರೆದವರೂ ಇರಬಹುದು. ನನಗೆ ಅದೊಂದು ಹುಚ್ಚು ಹತ್ತಿತು. ಅದೇ ಸಮಯಕ್ಕೆ ಆ ಡೆಸ್ಕ್‌ಟಾಪ್ ಮಾಡುವ ಬಳಗದವರು, ಮುಂದಿನ ಆವೃತ್ತಿಯ ಪರದೆಗೆ ನಿಮ್ಮ ನಿಮ್ಮ ಊರಿನ ಚಿತ್ರ ಕಳಿಸಿ ಅಂತ ಕರೆದರು.

ಅಪ್ಪ ಹಿಂದೊಮ್ಮೆ ಕೇಳಿದ್ದ: "ದಿನಾ ಕಂಪೂಟ್ರು ಕಂಪೂಟ್ರು ಅಂತೀಯಲ್ಲವ್ವ, ನೀ ಮಾಡಿದ್ದು ಅಂತ ಕಣ್ಣಿಗೆ ಕಾಣಂಥದ್ದು ಏನಾರ ಐತಾ?" ಇರಲಿಲ್ಲ. ಈ ಸಲ ತೋರಿಸುತ್ತೇನೆ ಅಂದುಕೊಂಡೆ.

ದಿನಾ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಓಡಾಡುವುದು ಮಳೆಗಾಲದಲ್ಲಿ ಆಗದ ಮಾತು. ಕೇಂದ್ರದಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಲಲಿತಾ ತನ್ನ ಮನೆಗೆ ಕರೆದಳು. ಗುಡವಿಗೆ ಹತ್ತಿರದ ಊರು. ಮನೆಯಲ್ಲಿ ಲಲಿತಾ, ಅವಳ ಗಂಡ, ಅವಳ ಅತ್ತೆ ಹೂವಮ್ಮ. ಲಲಿತಾ ಅತ್ತೆ ಅನ್ನುತ್ತಿದ್ದಳು, ನಾನೂ ಅತ್ತೆ ಅಂದೆ.

"ನಂಗೆ ಇನ್ನೊಬ್ಬ ಮಗ ಇಲ್ಲ ಕಣೆ, ಸುಮ್ನೆ ಆಸೆ ಇಟ್ಕಬ್ಯಾಡ," ಅಂದರು ಹೂವಮ್ಮತ್ತೆ, ಮೊದಲ ದಿನವೇ, ತಟ್ಟೆಗೆ ಅನ್ನ ಬಡಿಸುತ್ತಾ.

ಆ ಮಳೆಗಾಲವನ್ನು ನೆನೆಸಿಕೊಂಡರೆ ಮೊದಲು ಬರುವುದು ಸದ್ದು. ಗುಡವಿ ಕೆರೆಯ ಮರಗಳಲ್ಲಿ ಬೆಳ್ಳಗೆ ಕೂತ ಹಕ್ಕಿಗಳು ಮರಿ ಮಾಡುವ ಕಾಲ. ಗಾಳಿ ಈ ಕಡೆ ತಿರುಗಿದರೆ ಅವುಗಳ ಗದ್ದಲ ಗದ್ದೆ ದಾಟಿ ಮನೆಯವರೆಗೂ ಬರುತ್ತಿತ್ತು. ಅತ್ತೆಗೆ ಅವುಗಳ ಮೇಲೆ ಸಿಟ್ಟು. "ಸಂತೆ ಮುಗ್ಯಾದೇ ಇಲ್ಲ ಇವುಕ್ಕೆ," ಅನ್ನುತ್ತಿದ್ದರು. ಭಾನುವಾರ ನೆಂಟರು ಬಂದರೆ ಮಾತ್ರ ಹಕ್ಕಿ ತೋರಿಸಲು ತಾವೇ ಮುಂದಾಗಿ ಹೊರಡುತ್ತಿದ್ದರು, ತಾವೇ ಸಾಕಿದ ಹಾಗೆ.

ಅಡಿಗೆಮನೆಯ ಅಟ್ಟದ ಮೇಲೆ ಒಂದು ಬುಟ್ಟಿ ಇತ್ತು. ಹೊಗೆ ಹಿಡಿದು ಕಂದಾಗಿದ್ದರೂ ಮೈಮೇಲಿನ ಬಿಳಿ ಎಳೆಗಳು ಕಾಣುತ್ತಿದ್ದವು. ಭೂಮಣ್ಣಿ ಬುಟ್ಟಿ. ನಮ್ಮ ಶಿಕಾರಿಪುರದ ಕಡೆ ಸೀಗೆ ಹುಣ್ಣಿಮೆ ಅನ್ನುತ್ತೇವೆ, ಗದ್ದೆಗೆ ನೈವೇದ್ಯದ ಚರಗ ಚೆಲ್ಲಿ ಬರುತ್ತೇವೆ, ಅಷ್ಟೇ. ಸೊರಬದ ಕಡೆ ಭೂಮಿ ಹುಣ್ಣಿಮೆ. ಭತ್ತ ಹೊಡೆಯಾಗುವ ಕಾಲ, ಭೂಮಿ ಬಸುರಿ. ಬಸುರಿಗೆ ಬಯಕೆಯ ಊಟ ಹೊರುವ ಬುಟ್ಟಿ ಇದು. ಪ್ರತಿ ವರ್ಷ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರು ಅದ್ದಿ ಹೊಸದಾಗಿ ಚಿತ್ತಾರ ಬರೆಯುತ್ತಾರೆ. ಹೋದ ವರ್ಷದ್ದು ಹೊಸ ಕೆಮ್ಮಣ್ಣಿನ ಕೆಳಗೆ ಮುಚ್ಚಿಹೋಗುತ್ತದೆ. ಆದರೆ ಅತ್ತೆ ಬರೆಯುತ್ತಿದ್ದದ್ದು ಪ್ರತಿ ಸಲವೂ ಅದೇ ಚಿತ್ತಾರ, ಅದೇ ಏಣಿ, ತೆನೆ, ನವಿಲು, ಅವರ ಅತ್ತೆ ಕಲಿಸಿದ್ದು. ಲಲಿತಾಗೆ ಅದು ಬರುತ್ತಿರಲಿಲ್ಲ. "ನಂಗೆ ಕೈ ಕೂರಲ್ಲ ಮಾರಾಯ್ತಿ, ನನ್ನ ನವಿಲು ಕೊಡ ಹೊತ್ತ ಹೆಂಗಸಿನಂಗೆ ಕಾಣುತ್ತೆ," ಅನ್ನುತ್ತಿದ್ದಳು.

ನಾನು ಬುಟ್ಟಿ ಇಳಿಸಿ ಸುತ್ತಲೂ ಫೋಟೋ ತೆಗೆದುಕೊಂಡೆ. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಎಳೆ ಬಿಡಿಸತೊಡಗಿದೆ. ಸಂಜೆ ಕೇಂದ್ರದಿಂದ ಬಂದು, ಮಳೆ ಸುರಿಯುವಾಗ, ಜಗಲಿಯಲ್ಲಿ ಅತ್ತೆ ಹಲಸಿನ ಬೀಜ ಬಿಡಿಸುತ್ತಾ ಕೂತರೆ ನಾನು ಪಕ್ಕದಲ್ಲಿ.

"ಇದೆಂತದೆ, ತಂತಿ ಎಳ್ದಂಗೆ?"

"ನೆಟ್ಟಗಿದೆಯಲ್ಲ ಅತ್ತೆ."

"ನೆಟ್ಟಗಿರಾಕೆ ಇದೇನು ಬೇಲಿನಾ? ಉಸಿರು ಬಿಡ್ತಾ ಎಳೀಬೇಕು. ಈಗ ಎಲ್ಲಿ ಉಸಿರು ಬಿಟ್ಟೆ, ತೋರ್ಸು?"

ಮೌಸಿನಲ್ಲಿ ಉಸಿರು ಬಿಡುವುದನ್ನು ಕಲಿಯಲು ನನಗೆ ಆಷಾಢ ಪೂರ್ತಿ ಬೇಕಾಯಿತು. ಬುಟ್ಟಿಯ ಬಾಯಿಯ ಹತ್ತಿರ ಮೂರು ಎಳೆ ಸೇರಿ ತಿರುಗುವ ಒಂದು ಜಾಗವಿತ್ತು. ಬಂದಿದ್ದು ಎಲ್ಲಿಂದ, ಹೋಗಿದ್ದು ಎಲ್ಲಿಗೆ, ತಿಳಿಯುತ್ತಲೇ ಇರಲಿಲ್ಲ. ಅತ್ತೆ ನನ್ನ ಬೆರಳು ಹಿಡಿದು ಬುಟ್ಟಿಯ ಮೇಲೆ ನಡೆಸಿದರು. ಅವರ ಬೆರಳಿನಲ್ಲಿ ಹಲಸಿನ ವಾಸನೆ. ಆಮೇಲೆ ನನಗೆ ಬಂತು. ಅತ್ತೆ ಪರದೆಯನ್ನು ದಿಟ್ಟಿಸಿ, "ಹ್ಞೂ, ಈಗ ನಮ್ಮನೇದು," ಅಂದರು.

ಚಿತ್ರ ಕಳಿಸಿದೆ. ಬರೆದವರ ಹೆಸರು ಅನ್ನುವ ಜಾಗದಲ್ಲಿ ಊರಿನವರು ಅಂತ ಹಾಕಿದೆ, ನಮ್ಮಲ್ಲಿ ಚಿತ್ತಾರಕ್ಕೆ ಹೆಸರು ಹಾಕುವ ಪದ್ಧತಿ ಇಲ್ಲ, ಇದು ಎಲ್ಲರದ್ದು ಅಂತ ಹೆಮ್ಮೆಯಿಂದಲೇ ವಿವರಿಸಿದೆ. ಬಳಗದಲ್ಲಿ ಲೈಸೆನ್ಸ್ ತಪಾಸಣೆ ಮಾಡುವವರೊಬ್ಬರಿದ್ದರು. ಯಾವ ದೇಶದವರೋ ನನಗೆ ಇಂದಿಗೂ ಗೊತ್ತಿಲ್ಲ. ಅವರು ವಾಪಸು ಕಳಿಸಿದರು. ಚಿತ್ರ ತುಂಬ ಚೆನ್ನಾಗಿದೆ, ಆದರೆ ತೆಗೆದುಕೊಳ್ಳಲು ಬರುವುದಿಲ್ಲ. ಬರೆದವರು ಯಾರು ಅಂತ ತಿಳಿಯದಿದ್ದರೆ ಹಂಚಲು ಅನುಮತಿ ಕೊಟ್ಟವರೂ ಯಾರೂ ಇಲ್ಲ ಅಂತಾಯಿತು. ಒಬ್ಬರು ಇದು ನನ್ನ ಕೈಯದು ಅಂತ ಹೇಳಬೇಕು, ಆಮೇಲೆ ಎಲ್ಲರೂ ಬಳಸಿ ಅಂತ ಬಿಡಬೇಕು.

ನನಗೆ ಅವಮಾನವಾಯಿತು. ಎಲ್ಲರದ್ದು ಅನ್ನುವುದಕ್ಕಿಂತ ದೊಡ್ಡ ಅನುಮತಿ ಬೇಕಾ ಇವರಿಗೆ? ಲಲಿತಾ ಮುಂದೆ ಕೂಗಾಡಿದೆ. ಅವಳು ತಣ್ಣಗೆ, "ನಿನ್ನ ಶಾನುಭೋಗರು ಸರಿಯಾಗೇ ಕೇಳ್ಯಾರೆ," ಅಂದಳು. ಅಂದಿನಿಂದ ಆ ಮನೆಯಲ್ಲಿ ಅವರ ಹೆಸರು ಶಾನುಭೋಗರು ಅಂತಲೇ ಆಯಿತು.

ಅತ್ತೆಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಅದು ತಟ್ಟನೆ ತಿಳಿಯಿತು.

"ಅಲ್ಲಾ ಮತ್ತೆ? ಪಹಣೀಲಿ ಹೆಸರೇ ಇಲ್ದಿದ್ರೆ ಆ ಜಮೀನ ದಾನ ಕೊಡ್ತೀನಿ ಅಂದ್ರೆ ಯಾರು ಒಪ್ತಾರೆ?" ಆಮೇಲೆ ನನ್ನ ಕಡೆ ತಿರುಗಿ, "ನಮ್ಮನೆ ಪಹಣೀಲಿ ಮೊದ್ಲು ಮಾವ ಇದ್ರು, ಆಮೇಲೆ ಇವ್ರು, ಈಗ ಮಗ. ನನ್ನ ಹೆಸ್ರು ಬರೋ ಜಾಗ ಯಾವ್ದೂ ಇರ್ಲಿಲ್ಲ ನೋಡು. ಹಾಕು. ಹೂವಮ್ಮ ಅಂತ ಹಾಕು."

"ಹೆಸ್ರು ಹಾಕಿದ್ರೆ ಕಂದಾಯ ಕಟ್ಟಬೇಕಾಗುತ್ತೆ ಅತ್ತೆ," ಅಂದಳು ಲಲಿತಾ ಒಳಗಿಂದ.

"ನೀ ಸುಮ್ನಿರೇ, ನವಿಲಿಗೆ ಕೊಡ ಹೊರ್ಸೋಳೆ."

ಹೆಸರು ಹಾಕುವಾಗ ಅತ್ತೆ ಒಂದು ಮಾತು ಸೇರಿಸಿದರು. "ಯಾರು ಬೇಕಾರೂ ತಗಳ್ಲಿ. ಆದ್ರೆ ಕಾಲಡಿಗೆ ಹಾಕಬಾರ್ದು ಅಂತ ಬರಿ. ಇದು ತಲೆ ಮೇಲೆ ಹೊರೋ ಬುಟ್ಟಿದು. ಗದ್ದೆಗೆ ಹೋಗ್ತಾ ಇದನ್ನ ನೆಲಕ್ಕೂ ಇಡಲ್ಲ ನಾವು."

ಬರೆದೆ. ಕಾಲಡಿಗೆ ಹಾಕಬಾರದು. ಕಳಿಸಿದೆ.

ನವರಾತ್ರಿಯ ರಜೆಗೆ ಮುಂಚೆ ಉತ್ತರ ಬಂತು. ಬಹಳ ಮರ್ಯಾದೆಯಿಂದ ಬರೆದಿದ್ದರು. ಅತ್ತೆಯ ಮಾತು ತಮಗೆ ಅರ್ಥವಾಗುತ್ತದೆ, ಆದರೆ ಬಳಕೆಗೆ ಹೀಗೆ ಕಟ್ಟು ಹಾಕಿದರೆ ಅದು ಮುಕ್ತವಾಗಿ ಉಳಿಯುವುದಿಲ್ಲ. ಇವರದೊಂದು ಕಟ್ಟು, ಇನ್ನೊಬ್ಬರದು ಇನ್ನೊಂದು ಅಂತ ಸೇರುತ್ತಾ ಹೋದರೆ ಡೆಸ್ಕ್‌ಟಾಪನ್ನು ಯಾರೂ ನಂಬಿ ಬಳಸುವ ಹಾಗಿರುವುದಿಲ್ಲ. ಶರತ್ತು ತೆಗೆದರೆ ಚಿತ್ರ ಸೇರುತ್ತದೆ, ಇಲ್ಲವಾದರೆ ಇಲ್ಲ. ಚಿತ್ರಗಳಿಗೆ ಕೊನೆಯ ದಿನ ಭೂಮಿ ಹುಣ್ಣಿಮೆಯ ಮಾರನೇ ದಿನಕ್ಕೇ ಬಿದ್ದಿತ್ತು.

ನಾನು ಅತ್ತೆಯನ್ನು ಒಲಿಸಲು ಕೂತೆ. "ಯಾರು ತುಳೀತಾರತ್ತೆ? ಇರೋದು ಪರದೆ ಮೇಲೆ."

"ಪರದೆ ಮೇಲಿಂದ ತೆಗ್ದು ಬಟ್ಟೆ ಮೇಲೆ ಹಾಕಬೋದಾ ಅವ್ರು?"

"ಹಾಕಬಹುದು."

"ಚಾಪೆ ಮೇಲೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹಾಕಬಹುದು."

"ಚಪ್ಪಲಿ ಮೇಲೆ?"

"ಹ್ಞೂ."

ಅತ್ತೆ ಮೊರದಲ್ಲಿದ್ದ ಅಕ್ಕಿಯನ್ನು ಇನ್ನೊಂದು ಸಲ ಕೇರಿದರು. "ಹಂಗಾರೆ ಬ್ಯಾಡ ಬಿಡು."

ಅಷ್ಟೇ. ಮುನಿಸಿಲ್ಲ, ಜಗಳವಿಲ್ಲ. ಮುನಿಸಿಕೊಂಡವಳು ನಾನು. ಒಂದು ಮಳೆಗಾಲದ ಕೆಲಸ. ಅಪ್ಪನಿಗೆ ತೋರಿಸಬೇಕಾದ್ದು. ಅಂದು ಊಟಕ್ಕೆ ಕರೆದರೆ ಹಸಿವಿಲ್ಲ ಅಂದೆ. ಲಲಿತಾ ಪಕ್ಕ ಬಂದು ಕೂತು, "ಒಪ್ಯಾರೆ ಅಂತ ಬರ್ದು ಕಳ್ಸಿಬಿಡೆ. ಅತ್ತೆ ಹೋಗಿ ನೋಡ್ತಾರಾ ಎಲ್ಲಾರ?" ಅಂದಳು. ಪಾಪ, ನನ್ನ ಮುಖ ನೋಡಲಾರದೆ ಅಂದಿದ್ದು. ನಾನು ಆಗಲ್ಲ ಅಂದೆ. ಒಪ್ಪಿಗೆ ಅನ್ನುವ ಗುಂಡಿಯನ್ನು ಓದದೆ ಒತ್ತದವಳು, ಇನ್ನೊಬ್ಬರ ಪರವಾಗಿ ಕೇಳದೆ ಒತ್ತುವುದು ಹೇಗೆ?

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಮೋಡ ಹರಿದು ಬಿಸಿಲು ಬಿದ್ದಿತ್ತು. ಬುಟ್ಟಿಗೆ ಹೊಸ ಕೆಮ್ಮಣ್ಣು ಬಳಿದು ಚಿತ್ತಾರ ಬರೆದಾಗಿತ್ತು, ಜಗಲಿಯ ಗೂಟಕ್ಕೆ ತೂಗಿಹಾಕಿದ್ದರು. ನಾನು ಕೇಂದ್ರಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ. ಅತ್ತೆ ಹೊಸ್ತಿಲ ಮುಂದೆ ಸಾರಿಸಿದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು, ಕೈಯಲ್ಲಿ ಅದೇ ನಾರು, ಅದೇ ಅಕ್ಕಿಯ ಬಿಳಿ.

"ನಿಲ್ಲೆ. ಎಲ್ಲಿಗೆ ಓಡ್ತೀಯ? ನಿನ್ನ ಡಬ್ಬಿ ತಗಂಬಾ." ಡಬ್ಬಿ ಅಂದರೆ ನನ್ನ ಲ್ಯಾಪ್‌ಟಾಪು.

ಚೌಕದೊಳಗೆ ಚೌಕ ಹೆಣೆಯುತ್ತಾ ಹೋದರು. ನಾಲ್ಕು ಮೂಲೆಗೆ ತೆನೆ ಎಳೆದರು. ಎಡಗಡೆಯದನ್ನು ಎಳೆಯುವಾಗ ಕೋಳಿಯೊಂದು ಮರಿಗಳ ಸಮೇತ ನುಗ್ಗಿತು. ಅತ್ತೆ ಕೈ ಎತ್ತದೆ, ಅದಕ್ಕೆ ದಾರಿ ಬಿಟ್ಟು, ತೆನೆಯನ್ನೇ ಬಗ್ಗಿಸಿ ಮುಗಿಸಿದರು.

"ಇದನ್ನ ಕಳ್ಸು ನಿನ್ನ ಶಾನುಭೋಗರಿಗೆ."

"ಅತ್ತೆ, ಇದಕ್ಕೂ ಅದೇ ಶರತ್ತು ಬೇಕು ಅಂದ್ರೆ..."

"ಎಂತ ಶರತ್ತೆ? ಇದು ಬಾಗ್ಲಿಂದು. ದನ ತುಳೀತದೆ, ನೆಂಟ್ರು ತುಳೀತಾರೆ, ಮಧ್ಯಾಹ್ನದ ಒಳಗೆ ಅಳಿಸೇ ಹೋಗ್ತದೆ. ತುಳಿಯಾಕೆ ಅಂತ್ಲೇ ಬರ್ಯಾದು ಇದನ್ನ. ಚಪ್ಪಲಿಗಾರೂ ಹಾಕ್ಲಿ, ಚಾಪೆಗಾರೂ ಹಾಕ್ಲಿ."

ನನಗೆ ಅಳು ಬಂತು, ನಗುವೂ ಬಂತು. ಫೋಟೋ ತೆಗೆದೆ. ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕೂತು ಬಿಡಿಸಿದೆ. ಅಷ್ಟರಲ್ಲಿ ಆಗಲೇ ಅಂಗಳದ್ದು ಕರು ತುಳಿದು ಅರ್ಧ ಹೋಗಿತ್ತು.

ಕಳಿಸುವ ಮುಂಚೆ ಅತ್ತೆ ಹೇಳಿದರು, "ಬುಟ್ಟಿದು ಅಳಿಸು."

"ಯಾಕತ್ತೆ? ನನ್ನ ಹತ್ರ ಇರ್ಲಿ, ಯಾರಿಗೂ ಕೊಡಲ್ಲ."

"ಕೊಡಲ್ಲ ಅಂದ್ಮೇಲೆ ಇಟ್ಕಳಾದು ಎಂತಕೆ? ಇವತ್ತು ನಿನ್ ಹತ್ರ. ನಾಳೆ ಈ ಡಬ್ಬಿ ಯಾರ್ ಹತ್ರನೋ. ಹುಣ್ಣಿಮೆಗೆ ಮುಂಚೆ ಅಳಿಸ್ಬಿಡು, ನಂಗೆ ನಿರುಮ್ಮಳ."

ಫೋಟೋಗಳು, ನಾನು ಬಿಡಿಸಿದ್ದು, ಎಲ್ಲವನ್ನೂ ಅವರ ಎದುರಿಗೇ ಅಳಿಸಿದೆ. ಅತ್ತೆ ಪರದೆಯ ಮೂಲೆಯಲ್ಲಿದ್ದ ಪುಟ್ಟ ಚಿತ್ರ ನೋಡಿದರು. "ಅದೆಂತದು, ಕಸದ ಬುಟ್ಟಿನಾ? ನನ್ನ ಬುಟ್ಟೀನ ಕಸದ ಬುಟ್ಟಿಗೆ ಹಾಕ್ದ್ಯೇನೆ?"

"ಅಳಿಸಿದ್ದು ಅಲ್ಲಿಗೇ ಹೋಗೋದು ಅತ್ತೆ."

"ತೆಗಿ ಮೊದ್ಲು! ಅಲ್ಲಿಂದಲೂ ತೆಗಿ."

ಅದನ್ನೂ ಬರಿದು ಮಾಡಿದೆ. ಒಳಗೆ ಲಲಿತಾ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಮಾರನೇ ದಿನ ಗದ್ದೆಯಲ್ಲಿ ಭೂಮಿಗೆ ಊಟ ಇಟ್ಟೆವು. ಲಲಿತಾಳ ಗಂಡ ಬುಟ್ಟಿ ಹೊತ್ತು ಮುಂದೆ, ನಾವು ಬದುವಿನ ಮೇಲೆ ಹಿಂದೆ. ಹೊಡೆ ತುಂಬಿದ ಭತ್ತ ಸೊಂಟದವರೆಗೆ. ಕೆಂಪು ಬುಟ್ಟಿ, ಬಿಳಿ ಎಳೆ, ಬಿಸಿಲು. ಪೂಜೆಯಾದ ಮೇಲೆ ಬದುವಿನಲ್ಲೇ ಕೂತು ಉಂಡೆವು. "ಈಗ ಹಸಿವಾತನೆ?" ಅಂತ ಅತ್ತೆ ನನ್ನ ಎಲೆಗೆ ಇನ್ನೊಂದು ಕಡುಬು ಹಾಕಿದರು. ಆ ಚಿತ್ತಾರವನ್ನು ಇಡಿಯಾಗಿ ನಾನು ನೋಡಿದ್ದು ಅದೇ ಕೊನೆ. ಆಗ ಅದು ಕೊನೆ ಅಂತ ಗೊತ್ತಿರಲಿಲ್ಲ.

ಹೊಸ್ತಿಲ ಚಿತ್ತಾರ ಡೆಸ್ಕ್‌ಟಾಪಿಗೆ ಸೇರಿತು. ಕೇಂದ್ರದಲ್ಲಿ ಹೊಸ ಆವೃತ್ತಿ ಹಾಕಿದ ದಿನ ಅತ್ತೆಯನ್ನು ಕರೆತಂದೆವು. ಬರೆದವರು: ಹೂವಮ್ಮ, ಸೊರಬ ತಾಲ್ಲೂಕು. ಕೆಳಗೆ, ಕಂಪ್ಯೂಟರಿಗೆ ತಂದವರು: ರೇಣುಕಾ. ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿ, "ಸೊರಬದಾಗೆ ಎಷ್ಟು ಜನ ಹೂವಮ್ಮಂದ್ರು ಇದಾರೆ, ಇದು ನಾನೇ ಅಂತ ಯಾರು ನಂಬ್ತಾರೆ?" ಅಂದರು. ಆದರೂ ಹೊರಡುವಾಗ ಇನ್ನೊಮ್ಮೆ ತಿರುಗಿ ಓದಿದರು. ಅಪ್ಪನಿಗೂ ತೋರಿಸಿದೆ. ಅಪ್ಪನಿಗೆ ಓದಲು ಬಾರದು. "ಇದ್ರಾಗ ನಿಂದ್ಯಾವುದವ್ವ?" ಅಂತ ಕೇಳಿ, ನನ್ನ ಹೆಸರಿನ ಮೇಲೆ ಬೆರಳಿಟ್ಟ. ಮೂಟೆ ಹೊತ್ತು ಹೊತ್ತು ಉಗುರು ಕಪ್ಪಾದ ಬೆರಳು ಅದು.

ಆ ಶಾನುಭೋಗರ ಕೆಲಸವೇ ಈಗ ನನ್ನ ಕೆಲಸ. ಅಪ್ಪ, ಅವ್ವನ ಜೊತೆ ಶಿಕಾರಿಪುರದಲ್ಲಿ ಮಾಡಿಕೊಂಡ ಮನೆಯಲ್ಲೇ ಕೂತು ಮಾಡುತ್ತೇನೆ. ಡೆಸ್ಕ್‌ಟಾಪಿಗೆ ಬರುವ ಪ್ರತಿ ಫೈಲೂ ಯಾರದ್ದು, ಯಾವ ಶರತ್ತಿನ ಮೇಲೆ ಬಂತು, ಯಾರ ಹೆಸರು ಬಿಟ್ಟುಹೋಗಿದೆ ಅಂತ ನೋಡುವುದು. ಎಲ್ಲರದ್ದು ಅಂತ ಬರೆದು ಕಳಿಸುವವರು ಈಗಲೂ ಇದ್ದಾರೆ. ಅವರಿಗೆ ಉತ್ತರ ಬರೆಯುವಾಗ ನಾನು ನಿಧಾನ ಮಾಡುತ್ತೇನೆ.

ಹೂವಮ್ಮತ್ತೆ ಈಗಿಲ್ಲ. ನಾನು ಸೊರಬ ಬಿಟ್ಟ ಮೇಲಿನ ಒಂದು ಮಳೆಗಾಲದಲ್ಲಿ ಹೋದರು. ಅವರ ಬುಟ್ಟಿ ಹುಳ ಹಿಡಿದು ಹೋಯಿತಂತೆ. ಲಲಿತಾ ಈಗ ಚಿತ್ತಾರ ಬರೆದೇ ಮಾರುವ ಬುಟ್ಟಿಯನ್ನು ಪೇಟೆಯಿಂದ ತರುತ್ತಾಳೆ, ಪೇಂಟಿನ ಎಳೆಯದು. ಚೆನ್ನಾಗಿಯೇ ಇರುತ್ತದೆ.

ಅಂಗಡಿಯ ಆ ಮ್ಯಾಟನ್ನು ಕೊಂಡು ತಂದೆ. ತಿರುಗಿಸಿ ನೋಡಿದೆ, ಚೀಟಿಯಲ್ಲಿ ಅತ್ತೆಯ ಹೆಸರಿಲ್ಲ. ತುಳಿಯುವುದು ತಪ್ಪಲ್ಲ, ಮಾರುವುದೂ ತಪ್ಪಲ್ಲ. ಹೆಸರು ಬಿಟ್ಟದ್ದು ತಪ್ಪು. ಮ್ಯಾಟು ಮಾಡಿದವರಿಗೆ, ಕೆಲಸದಲ್ಲಿ ದಿನಾ ಬರೆಯುವ ಹಾಗೆಯೇ, ಬರೆದೆ. ಗೊತ್ತಿರಲಿಲ್ಲ, ಮುಂದಿನ ಮಾಲಿನ ಚೀಟಿಯಲ್ಲಿ ಹಾಕುತ್ತೇವೆ ಅಂದರು. ಮ್ಯಾಟನ್ನು ನಮ್ಮ ಬಾಗಿಲಿಗೆ ಹಾಸಿದ್ದೇನೆ. ಅಪ್ಪ ಕೆಸರು ಕಾಲು ಒರೆಸುತ್ತಾನೆ. ಅತ್ತೆಗೆ ಖುಷಿಯೇ ಆಗುತ್ತಿತ್ತು.

ಆದರೆ ಮ್ಯಾಟು ತಂದಾಗಿನಿಂದ ನನಗೆ ಆ ಇನ್ನೊಂದು, ಬುಟ್ಟಿಯದು, ಬೇಕಾಗಿದೆ. ಕೊಟ್ಟದ್ದು ಸಂತೆಯಲ್ಲೂ ಸಿಗುತ್ತದೆ, ಗೊತ್ತಿಲ್ಲದ ದೇಶಗಳ ಪರದೆಗಳಲ್ಲೂ ಸಿಗುತ್ತದೆ. ಕೊಡದೆ ಉಳಿಸಿಕೊಂಡದ್ದು ಎಲ್ಲಿಯೂ ಇಲ್ಲ. ನೆನ್ನೆ ತಡೆಯಲಾರದೆ ಲಲಿತಾಗೆ ಫೋನು ಮಾಡಿದೆ.

"ಬುಟ್ಟಿ ಬಾಯಿ ಹತ್ರ ಮೂರು ಎಳೆ ಸೇರಿ ತಿರುಗ್ತಿತ್ತಲ್ಲ, ಅದು ಒಳಗಡೆಯಿಂದ ಬರ್ತಿತ್ತೋ ಹೊರಗಡೆಯಿಂದಲೋ?"

"ನಂಗೇನು ಗೊತ್ತು ಮಾರಾಯ್ತಿ. ಬರೆಯೋಕೆ ಬರ್ತಿದ್ದಿದ್ದು ಅತ್ತೆಗೆ, ಬಿಟ್ರೆ ನಿಂಗೆ."

ಹೌದು. ಮೂರು ತಿಂಗಳ ಮಳೆಯಲ್ಲಿ ಕಲಿತಿದ್ದೆ. ಹುಣ್ಣಿಮೆ ಹತ್ತಿರ ಬರುತ್ತಿದೆ. ಸಂಜೆ ಕೆಲಸ ಮುಗಿಸಿ, ಅವ್ವ ಸಾರಿಸಿದ ಒದ್ದೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳಲ್ಲಿ ಎಳೆಯುತ್ತೇನೆ. ಏಣಿ ಬರುತ್ತದೆ, ತೆನೆ ಬರುತ್ತದೆ, ಉಸಿರು ಬಿಟ್ಟು ಎಳೆದರೆ ನವಿಲೂ ಬರುತ್ತದೆ. ಆ ತಿರುವಿಗೆ ಬಂದಾಗ ಬೆರಳು ನಿಲ್ಲುತ್ತದೆ. ಅದನ್ನು ಹಿಡಿದು ನಡೆಸಲು ಹಲಸಿನ ವಾಸನೆಯ ಆ ಕೈ ಬೇಕು.